ನಲ್ಲಿ ನೀರಿನ ಲೆಕ್ಕ ಹಿಡಿದು ಗ್ರಾಮಸಭೆಗೆ ಹೋಗುವುದು ಹೇಗೆ? ಒಂದು ಮಾರ್ಗದರ್ಶಿ

"ನಮ್ಮ ಪಂಚಾಯಿತಿಯ ಲೆಕ್ಕ ಎಲ್ಲಿ ನೋಡಬಹುದು?" ಎಂದು ಓದುಗರು ಪದೇ ಪದೇ ಕೇಳುತ್ತಾರೆ. ಅದಕ್ಕೆ ಉತ್ತರ ಕೊಡುವುದು ಸುಲಭ. ಆದರೆ ಅದೇ ಓದುಗರು ಹದಿನೈದು ದಿನ ಬಿಟ್ಟು ಮತ್ತೆ ಬರೆಯುತ್ತಾರೆ: "ಎಲ್ಲ ಡೌನ್‌ಲೋಡ್ ಮಾಡಿಕೊಂಡೆ. ಈಗ ಇದನ್ನು ಇಟ್ಟುಕೊಂಡು ಏನು ಮಾಡಲಿ?" ಈ ಬರಹ ಆ ಎರಡನೆಯ ಪ್ರಶ್ನೆಗೆ.

ಉದಾಹರಣೆಗೆ ಕುಡಿಯುವ ನೀರನ್ನೇ ತೆಗೆದುಕೊಂಡಿದ್ದೇನೆ. ಕರ್ನಾಟಕದ ಸುಮಾರು 6 ಸಾವಿರ ಗ್ರಾಮ ಪಂಚಾಯಿತಿಗಳಲ್ಲಿ ಯಾವುದಕ್ಕೇ ಹೋದರೂ ಸಭೆಯಲ್ಲಿ ಮೊದಲು ಏಳುವ ಮಾತು ನೀರಿನದೇ. ಅಳೆಯುವುದಕ್ಕೂ ನೀರು ಸುಲಭ. ಒಮ್ಮೆ ಈ ದಾರಿ ಕೈಗೆ ಹತ್ತಿದರೆ ಬೀದಿದೀಪ, ಕಸದ ಗಾಡಿ, ಚರಂಡಿ ಯಾವುದಕ್ಕಾದರೂ ಇದನ್ನೇ ಬಳಸಬಹುದು.

ಬೇಕಾಗುವುದು ಇಷ್ಟು: ಒಂದು ನೋಟ್‌ಬುಕ್, ಗಡಿಯಾರವಿರುವ ಫೋನ್, 15 ಲೀಟರಿನ ಒಂದು ಕೊಡ, ಜೊತೆಗೆ ಇಬ್ಬರು ಮೂವರು. ಅವರಲ್ಲಿ ಒಬ್ಬರಾದರೂ ದಿನವೂ ನೀರು ಹಿಡಿಯುವ ಹೆಣ್ಣುಮಗಳಾಗಿರಲಿ. ಇದನ್ನು ಕಡ್ಡಾಯ ಎಂದೇ ತಿಳಿಯಿರಿ. ನೀರು ಎಷ್ಟು ಹೊತ್ತಿಗೆ ಬಂತು, ಎಷ್ಟು ಹೊತ್ತಿಗೆ ನಿಂತಿತು ಎಂಬುದು ಅವರಿಗೆ ಗೊತ್ತಿರುವಷ್ಟು ಇನ್ಯಾರಿಗೂ ಗೊತ್ತಿರುವುದಿಲ್ಲ. ಮನೆಯಲ್ಲಿ ಕಂಪ್ಯೂಟರ್ ಇಲ್ಲದಿದ್ದರೆ ಪಂಚಾಯಿತಿಯ ಗ್ರಂಥಾಲಯಕ್ಕೆ, ಅಂದರೆ ಈಗಿನ ಅರಿವು ಕೇಂದ್ರಕ್ಕೆ ಹೋಗಿ. ಬಹಳ ಕಡೆ ಕಂಪ್ಯೂಟರ್ ಇದೆ. ಸಭೆಗೆ ಹೋಗುವವರೆಗಿನ ಕೆಲಸಕ್ಕೆ ಒಂದೂವರೆ ತಿಂಗಳು ಇಟ್ಟುಕೊಳ್ಳಿ.

ಹಂತ 1: ಒಂದೇ ಪ್ರಶ್ನೆ ಹಿಡಿಯಿರಿ

"ಪಂಚಾಯಿತಿಯಲ್ಲಿ ದುಡ್ಡು ಎಲ್ಲಿ ಹೋಗುತ್ತಿದೆ?" ಎಂದು ಕೇಳಿದರೆ ಯಾರೂ ಉತ್ತರ ಕೊಡಲಾರರು, ಕೊಟ್ಟರೂ ನಿಮಗೆ ಉಪಯೋಗವಾಗದು. "ಮೇಲಿನ ಕೇರಿಯ ಕೊನೆಯ ಹತ್ತು ಮನೆಗಳಿಗೆ ದಿನಕ್ಕೆ ಎಷ್ಟು ಲೀಟರ್ ನೀರು ತಲುಪುತ್ತಿದೆ?" ಎಂದು ಕೇಳಿ. 2019ರಲ್ಲಿ ಘೋಷಣೆಯಾದ ಜಲ ಜೀವನ್ ಮಿಷನ್, ನಮ್ಮಲ್ಲಿ ಮನೆ ಮನೆಗೆ ಗಂಗೆ ಎಂದು ಕರೆಯುವ ಯೋಜನೆ, ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಅಳತೆ ನಿಗದಿ ಮಾಡಿದೆ. ನಿಮ್ಮ ಅಂಕಿಯನ್ನು ಹೋಲಿಸಿ ನೋಡಲು ಒಂದು ಅಳತೆಗೋಲು ಸಿಕ್ಕಿತು.

ಪ್ರಶ್ನೆ ಸರಿಯಿದೆಯೇ ಎಂದು ನೋಡಲು ಎರಡು ಮಾತು ಸಾಕು. ಉತ್ತರ ಒಂದು ಅಂಕಿಯಲ್ಲಿ ಬರಬೇಕು. ಆ ಅಂಕಿಯನ್ನು ಬದಲಾಯಿಸುವ ಅಧಿಕಾರ ಪಂಚಾಯಿತಿಯ ಕೈಯಲ್ಲೇ ಇರಬೇಕು.

ಹಂತ 2: ಕಚೇರಿಯ ಅಂಕಿಗಳನ್ನು ಸೇರಿಸಿ

ಮೊದಲು ಇ-ಗ್ರಾಮಸ್ವರಾಜ್ ಪೋರ್ಟಲ್ ನೋಡಿ. 2020ರ ಏಪ್ರಿಲ್ 24ರಂದು, ಪಂಚಾಯತ್ ರಾಜ್ ದಿನದಂದು, ಕೇಂದ್ರ ಸರ್ಕಾರ ಇದನ್ನು ಆರಂಭಿಸಿತು. ಲಾಗಿನ್ ಇಲ್ಲದೆಯೇ ಯಾರು ಬೇಕಾದರೂ ತಮ್ಮ ಪಂಚಾಯಿತಿಯ ಕ್ರಿಯಾ ಯೋಜನೆ ನೋಡಬಹುದು. ರಾಜ್ಯ, ಜಿಲ್ಲೆ, ತಾಲ್ಲೂಕು ಆರಿಸುತ್ತಾ ಹೋದರೆ ನಿಮ್ಮ ಪಂಚಾಯಿತಿ ಸಿಗುತ್ತದೆ. ಹೆಸರಿನ ಪಕ್ಕದಲ್ಲಿರುವ ಎಲ್‌ಜಿಡಿ ಕೋಡ್ ಬರೆದಿಟ್ಟುಕೊಳ್ಳಿ. ದೇಶದ ಪ್ರತಿ ಸ್ಥಳೀಯ ಸಂಸ್ಥೆಗೂ ಕೊಟ್ಟಿರುವ ಗುರುತಿನ ಸಂಖ್ಯೆ ಅದು. ಹೊಸಹಳ್ಳಿ, ರಾಮಪುರ ಎಂಬ ಹೆಸರು ಎಷ್ಟು ಕಡೆ ಇವೆಯೆಂದು ನಿಮಗೇ ಗೊತ್ತು. ಬೇರೆ ಊರಿನ ಲೆಕ್ಕ ಹಿಡಿದು ಸಭೆಗೆ ಹೋಗಿ ತಲೆ ತಗ್ಗಿಸಬೇಕಾದ ಪ್ರಸಂಗ ಬರಬಾರದು.

ಅಲ್ಲಿ ಕಾಣುವ ಕೆಲವು ಪದಗಳು:

ಕ್ರಿಯಾ ಯೋಜನೆ ಎಂದರೆ ಆ ವರ್ಷ ಮಾಡಬೇಕೆಂದುಕೊಂಡಿರುವ ಕೆಲಸಗಳ ಪಟ್ಟಿ, ಅಂದಾಜು ಮೊತ್ತದ ಸಮೇತ. ನಿರ್ಬಂಧಿತ ಅನುದಾನ ಎಂದರೆ ಇಂಥದ್ದಕ್ಕೇ ಖರ್ಚು ಮಾಡಬೇಕೆಂದು ಕಟ್ಟು ಹಾಕಿ ಕೊಟ್ಟ ಹಣ. 15ನೇ ಹಣಕಾಸು ಆಯೋಗ 2021ರಿಂದ 2026ರ ಅವಧಿಗೆ ಕೊಟ್ಟ ಅನುದಾನದಲ್ಲಿ ಶೇ 60ರಷ್ಟು ಹೀಗೆ ಕಟ್ಟು ಹಾಕಿದ್ದು. ಅರ್ಧ ಕುಡಿಯುವ ನೀರಿಗೆ, ಇನ್ನರ್ಧ ನೈರ್ಮಲ್ಯಕ್ಕೆ. ಹಾಗಾಗಿ "ನೀರಿಗೆ ದುಡ್ಡೇ ಬಂದಿಲ್ಲ" ಎಂಬ ಮಾತು ಕೇಳಿದಾಗ ಆ ವರ್ಷಗಳ ಲೆಕ್ಕ ತೆಗೆದು ನೋಡಿ.

ಇಲ್ಲಿ ಮೂರು ಕಡೆ ಜನ ಎಡವುತ್ತಾರೆ. ಒಂದು, ಯೋಜನೆಯಲ್ಲಿ ಬರೆದ ಮೊತ್ತವನ್ನೇ ಖರ್ಚಾದ ಮೊತ್ತ ಎಂದುಕೊಳ್ಳುವುದು. ಕ್ರಿಯಾ ಯೋಜನೆಯಲ್ಲಿ 2 ಲಕ್ಷ ಎಂದಿದ್ದರೆ 2 ಲಕ್ಷ ಯಾರಿಗೋ ಪಾವತಿಯಾಯಿತು ಎಂದಲ್ಲ. ಪಾವತಿಯ ವರದಿಯನ್ನು ಬೇರೆಯಾಗಿಯೇ ನೋಡಬೇಕು. ಎರಡು, ಆರ್ಥಿಕ ವರ್ಷ ತಪ್ಪಾಗಿ ಆರಿಸುವುದು. ಮೂರನೆಯದು ಎಲ್ಲಕ್ಕಿಂತ ಹೆಚ್ಚು ಗೊಂದಲ ಮಾಡುವಂಥದ್ದು: ಮನೆ ಮನೆಗೆ ಗಂಗೆ ಯೋಜನೆಯ ಪೈಪು, ಟ್ಯಾಂಕು ಕಾಮಗಾರಿ ಮಾಡಿಸುವುದು ಗ್ರಾಮೀಣ ಕುಡಿಯುವ ನೀರು ಮತ್ತು ನೈರ್ಮಲ್ಯ ಇಲಾಖೆ. ಆ ಖರ್ಚಿನ ಬಹುಪಾಲು ಪಂಚಾಯಿತಿಯ ಲೆಕ್ಕದಲ್ಲಿ ಇರುವುದಿಲ್ಲ. ಪೋರ್ಟಲ್‌ನಲ್ಲಿ ಕಾಣಲಿಲ್ಲವೆಂದು ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಮೇಲೆ ಹರಿಹಾಯಬೇಡಿ.

ರಾಜ್ಯದ ಕಡೆಯಿಂದ ಪಂಚತಂತ್ರ (ಪಂಚಾಯಿತಿಯ ಲೆಕ್ಕಪತ್ರದ ತಂತ್ರಾಂಶ), ಗಾಂಧಿ ಸಾಕ್ಷಿ ಕಾಯಕ (ಕಾಮಗಾರಿಗಳ ನಿಗಾ ವ್ಯವಸ್ಥೆ), ಪಂಚಮಿತ್ರ ಪೋರ್ಟಲ್ ಇವೆ. ಇವನ್ನೂ ಒಮ್ಮೆ ನೋಡಿ.

ಆದರೆ ನಮ್ಮ ಪ್ರಶ್ನೆಗೆ ಮುಖ್ಯವಾಗಿ ಬೇಕಾದ ಕಾಗದ ಯಾವ ಪೋರ್ಟಲ್‌ನಲ್ಲೂ ಇಲ್ಲ. ಅದು ಕಚೇರಿಯ ಬೀರುವಿನಲ್ಲಿದೆ: ಪ್ರತಿ ಕೊಳವೆಬಾವಿಯ ಕರೆಂಟ್ ಬಿಲ್ಲು. ಅದಕ್ಕಾಗಿ ಪಿಡಿಒ ಅವರನ್ನು ನೇರವಾಗಿ ಕಂಡು ಮಾತಾಡಿ. "ಸಾರ್, ನಮ್ಮ ಕೇರಿಯ ನೀರಿನ ಲೆಕ್ಕ ತೆಗೆಯುತ್ತಿದ್ದೇವೆ, ಕಳೆದ ಆರು ತಿಂಗಳ ಬಿಲ್ಲು ನೋಡಬಹುದಾ?" ಎಂದು ಕೇಳಿ. ಬೆಳಿಗ್ಗೆ ಹತ್ತಕ್ಕೆ ಹೋಗಬೇಡಿ, ಆಗ ಇ-ಸ್ವತ್ತಿಗೆ, ಅರ್ಜಿಗಳಿಗೆ ಜನ ಮುತ್ತಿಕೊಂಡಿರುತ್ತಾರೆ. ಮಧ್ಯಾಹ್ನ ಮೂರರ ಮೇಲೆ ಹೋದರೆ ಕೂತು ಮಾತಾಡಲು ಸಮಯ ಸಿಗುತ್ತದೆ. ಮೊದಲ ದಿನವೇ ಮಾಹಿತಿ ಹಕ್ಕು ಅರ್ಜಿ ಹಿಡಿದು ಹೋದರೆ ಬಾಗಿಲು ಮುಚ್ಚಿದಂತೆಯೇ ಸರಿ.

ಹಂತ 3: ಕೊಡದಿದ್ದರೆ ಮಾತ್ರ ಅರ್ಜಿ ಹಾಕಿ

ಎರಡು ಮೂರು ಸಲ ಕೇಳಿಯೂ ಸಿಗದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆ ಇದ್ದೇ ಇದೆ. ಶುಲ್ಕ 10 ರೂಪಾಯಿ, ಪೋಸ್ಟಲ್ ಆರ್ಡರ್ ಹಚ್ಚಬಹುದು. ಬಿಪಿಎಲ್ ಕಾರ್ಡಿನವರಿಗೆ ಶುಲ್ಕವಿಲ್ಲ. 30 ದಿನದೊಳಗೆ ಉತ್ತರ ಕೊಡಬೇಕು.

ಕರ್ನಾಟಕದ ನಿಯಮದಲ್ಲಿ ಒಂದು ವಿಶೇಷವಿದೆ: ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ನೀರು, ರಸ್ತೆ, ಮನೆ ಹಂಚಿಕೆ ಮೂರನ್ನೂ ಒಂದರಲ್ಲೇ ತುರುಕಿದರೆ ಮೊದಲ ವಿಷಯಕ್ಕೆ ಮಾತ್ರ ಉತ್ತರ ಕೊಟ್ಟು, ಉಳಿದವಕ್ಕೆ ಬೇರೆ ಅರ್ಜಿ ಹಾಕಿ ಎನ್ನಬಹುದು. "ಸಮಗ್ರ ಮಾಹಿತಿ ಕೊಡಿ" ಎಂದೂ ಬರೆಯಬೇಡಿ. ದಾಖಲೆಯ ಹೆಸರು, ಅವಧಿ, ಊರು ಹೇಳಿ: "ಇಂಥ ಗ್ರಾಮದ ಕುಡಿಯುವ ನೀರಿನ ಕೊಳವೆಬಾವಿಗಳ ವಿದ್ಯುತ್ ಬಿಲ್ಲುಗಳ ಪ್ರತಿ, ಇಂಥ ತಿಂಗಳಿಂದ ಇಂಥ ತಿಂಗಳವರೆಗೆ."

ಇದಕ್ಕಿಂತ ಸುಲಭದ ಇನ್ನೊಂದು ದಾರಿಯನ್ನು ಜನ ಮರೆತೇಬಿಟ್ಟಿದ್ದಾರೆ. ಪ್ರತಿ ವರ್ಷ ಆಗಸ್ಟ್ ಮಧ್ಯದಿಂದ ಸೆಪ್ಟೆಂಬರ್ ಮಧ್ಯದ ಹೊತ್ತಿಗೆ ಪಂಚಾಯಿತಿಗಳಲ್ಲಿ ಜಮಾಬಂದಿ ನಡೆಯುತ್ತದೆ. ಹಿಂದಿನ ವರ್ಷದ ಜಮಾ-ಖರ್ಚು, ಕಾಮಗಾರಿಗಳನ್ನು ಜನರ ಎದುರು ಪರಿಶೀಲಿಸುವ ದಿನ ಅದು. ದಿನಾಂಕ ಕೇಳಿಟ್ಟುಕೊಂಡು ಹೋಗಿ. ಅರ್ಜಿ ಹಾಕದೆಯೇ ಪುಸ್ತಕಗಳು ಮೇಜಿನ ಮೇಲೆ ಇರುತ್ತವೆ.

ಹಂತ 4: ಬೀದಿಯ ಅಂಕಿಯನ್ನು ನೀವೇ ಅಳೆಯಿರಿ

ಇಡೀ ಕೆಲಸದ ಜೀವ ಇರುವುದು ಇಲ್ಲಿ. ಕಚೇರಿಯ ಕಾಗದ ಎಷ್ಟು ನೀರು ಎತ್ತಲಾಯಿತು ಎಂದು ಹೇಳೀತು. ಎಷ್ಟು ತಲುಪಿತು ಎಂದು ಹೇಳುವುದು ನಲ್ಲಿ ಮಾತ್ರ.

ಒಂದು ಪೈಪ್‌ಲೈನ್ ಆರಿಸಿ. ಟ್ಯಾಂಕಿಗೆ ಹತ್ತಿರದ ಐದು ಮನೆ, ನಡುವಿನ ಐದು, ತುದಿಯ ಐದು ಗುರುತಿಸಿ. ನೀರು ಬಿಟ್ಟು ಹತ್ತು ನಿಮಿಷವಾದ ಮೇಲೆ, ಎಲ್ಲರೂ ಎಂದಿನಂತೆ ಹಿಡಿಯುತ್ತಿರುವಾಗಲೇ, 15 ಲೀಟರಿನ ಕೊಡವನ್ನು ನಲ್ಲಿಯ ಕೆಳಗಿಟ್ಟು ಎಷ್ಟು ಸೆಕೆಂಡಿನಲ್ಲಿ ತುಂಬುತ್ತದೆ ನೋಡಿ. ನೀರು ಬಂದ ಹೊತ್ತು, ನಿಂತ ಹೊತ್ತು ಬರೆಯಿರಿ. ಹೀಗೆ ಏಳು ದಿನ. ದಿನ ಬಿಟ್ಟು ದಿನ ನೀರು ಬಿಡುವ ಊರಾದರೆ ಹದಿನಾಲ್ಕು ದಿನ ಅಳೆದು, ಬಂದದ್ದನ್ನು ಎರಡು ದಿನಕ್ಕೆ ಹಂಚಿ ಲೆಕ್ಕ ಹಾಕಿ.

ಉದಾಹರಣೆಗೆ, ಮೊದಲ ಮನೆಯಲ್ಲಿ ಕೊಡ 40 ಸೆಕೆಂಡಿನಲ್ಲಿ ತುಂಬಿತು ಎನ್ನಿ. ನಿಮಿಷಕ್ಕೆ 22.5 ಲೀಟರ್ ಆಯಿತು. ನೀರು ಅರ್ಧ ಗಂಟೆ ಬಂದರೆ 675 ಲೀಟರ್. ತುದಿಯ ಮನೆಯಲ್ಲಿ ಅದೇ ಕೊಡ ತುಂಬಲು 3 ನಿಮಿಷ ಹಿಡಿಯಿತು. ನಿಮಿಷಕ್ಕೆ 5 ಲೀಟರ್, ಅರ್ಧ ಗಂಟೆಗೆ 150. ಐದು ಜನರ ಮನೆಗೆ ಬೇಕಾದದ್ದು 275 ಲೀಟರ್. ಮೊದಲ ಮನೆಯಲ್ಲಿ ತಲೆಗೆ 135 ಲೀಟರ್ ಬಿದ್ದರೆ ತುದಿಯಲ್ಲಿ 30.

ಸರಾಸರಿಯ ಬಗ್ಗೆ ಇಲ್ಲೇ ಎಚ್ಚರ ಹೇಳಿಬಿಡುತ್ತೇನೆ. ಈ ಎರಡು ಮನೆಗಳ ಸರಾಸರಿ ತೆಗೆದರೆ ತಲೆಗೆ 82.5 ಲೀಟರ್ ಬರುತ್ತದೆ, 55ಕ್ಕಿಂತ ಎಷ್ಟೋ ಮೇಲೆ. ಕಾಗದದ ಮೇಲೆ ಊರಿಗೆ ಬೇಕಾದಷ್ಟು ನೀರಿದೆ, ತುದಿಯ ಮನೆಯವರು ಮಾತ್ರ ಕೊಡ ಹೊತ್ತು ಕೆಳಗಿನ ಬೀದಿಗೆ ಬರುತ್ತಿದ್ದಾರೆ. ನಮ್ಮ ಊರುಗಳಲ್ಲಿ ಪೈಪಿನ ತುದಿ ಯಾವ ಕೇರಿಯಲ್ಲಿ ಮುಗಿಯುತ್ತದೆ ಎಂದು ಹೇಳಬೇಕಾಗಿಲ್ಲ. ಆದ್ದರಿಂದ ಮೊದಲ, ನಡುವಿನ, ತುದಿಯ ಮನೆಗಳ ಅಂಕಿಯನ್ನು ಎಂದಿಗೂ ಕೂಡಿಸಬೇಡಿ. ಮೂರು ಸಾಲಿನಲ್ಲಿ ಬೇರೆ ಬೇರೆಯಾಗಿಯೇ ಬರೆಯಿರಿ.

ಇನ್ನೊಂದು ವಿಷಯ. ಕೆಲವು ಮನೆಗಳವರು ನಲ್ಲಿಗೆ ನೇರವಾಗಿ ಮೋಟಾರ್ ಹಾಕಿ ಎಳೆಯುತ್ತಿರುತ್ತಾರೆ. ನಿಮ್ಮ ಪಟ್ಟಿಯಲ್ಲಿ "ಈ ಬೀದಿಯಲ್ಲಿ ಇಷ್ಟು ಮೋಟಾರ್" ಎಂದು ಎಣಿಕೆ ಮಾತ್ರ ಇರಲಿ, ಹೆಸರು ಬೇಡ. ಹೆಸರು ಬರೆದರೆ ಸಭೆಯಲ್ಲಿ ನೀರಿನ ಮಾತು ಹಿಂದಾಗಿ ಮನೆತನಗಳ ಜಗಳ ಮುಂದಾಗುತ್ತದೆ. ಆಧಾರ್, ಫೋನ್ ನಂಬರ್, ಯಾರ ಕಂದಾಯ ಎಷ್ಟು ಬಾಕಿ ಎಂಬುದನ್ನೂ ಬರೆಯಬೇಡಿ. ನಿಮ್ಮ ಪ್ರಶ್ನೆಗೆ ಅದು ಬೇಕಿಲ್ಲ.

ನೀರಿನ ಗುಣವನ್ನೂ ನೋಡಬಹುದು. ಸ್ಥಳದಲ್ಲೇ ಪರೀಕ್ಷೆ ಮಾಡುವ ಕಿಟ್ ಬಳಸಲು ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ತರಬೇತಿ ಕೊಡಬೇಕೆಂದು ಜಲ ಜೀವನ್ ಮಿಷನ್‌ನಲ್ಲಿದೆ. ನಿಮ್ಮೂರಲ್ಲಿ ಅವರು ಯಾರು, ಕಿಟ್ ಎಲ್ಲಿದೆ ವಿಚಾರಿಸಿ. ಕ್ಲೋರಿನ್ ಹಾಕಿದ ನೀರಾದರೆ ತುದಿಯ ನಲ್ಲಿಯಲ್ಲಿ ಲೀಟರಿಗೆ 0.2 ಮಿಲಿಗ್ರಾಂ ಉಳಿದಿರಬೇಕು. ಫ್ಲೋರೈಡ್ 1.5, ನೈಟ್ರೇಟ್ 45 ಮಿಲಿಗ್ರಾಂ ದಾಟಿದರೆ ಆ ನೀರು ಕುಡಿಯಲು ತಕ್ಕುದಲ್ಲ. ಪ್ರಯೋಗಾಲಯಕ್ಕೆ ಮಾದರಿ ಕಳಿಸಲು ಬರೆದು ಕೇಳಿ. ಕಿಟ್ ತೋರಿಸುವುದು ಅಂದಾಜು ಮಾತ್ರ, ಅದನ್ನೇ ನೆಚ್ಚಿ ಊರಿಗೆ ಗಾಬರಿ ಹುಟ್ಟಿಸಬೇಡಿ.

ಹಂತ 5: ನೀರುಗಂಟಿಯ ಲೆಕ್ಕ, ಕರೆಂಟ್ ಬಿಲ್ಲಿನ ಲೆಕ್ಕ

ನಿಮ್ಮೂರಿನ ನೀರುಗಂಟಿಯ, ಅಂದರೆ ಊರಿಗೆ ನೀರು ಬಿಡುವವರ ಜೊತೆ ಒಂದು ಬೆಳಿಗ್ಗೆ ಕಳೆಯಿರಿ. ಎಷ್ಟು ಹೊತ್ತಿಗೆ ಮೋಟಾರ್ ಹಾಕುತ್ತಾರೆ, ಟ್ಯಾಂಕ್ ತುಂಬಲು ಎಷ್ಟು ಗಂಟೆ, ಯಾವ ವಾಲ್ವ್ ಯಾವಾಗ ತಿರುಗಿಸುತ್ತಾರೆ ಎಂದು ಬರೆದುಕೊಳ್ಳಿ. ಊರಿನ ನೀರಿನ ನಕ್ಷೆ ಅವರ ತಲೆಯಲ್ಲಿದೆ, ಯಾರೂ ಇದುವರೆಗೆ ಕಾಗದಕ್ಕೆ ಇಳಿಸಿರುವುದಿಲ್ಲ. ತನಿಖೆಗೆ ಬಂದವರಂತೆ ಕೇಳಬೇಡಿ. ಕಡಿಮೆ ಸಂಬಳಕ್ಕೆ ಹಬ್ಬ-ಹರಿದಿನವೆನ್ನದೆ ದುಡಿಯುವ ಮನುಷ್ಯ ಅವರು.

ಈಗ ಲೆಕ್ಕ. ಊರಲ್ಲಿ 900 ಜನ ಎನ್ನಿ. 900ನ್ನು 55ರಿಂದ ಗುಣಿಸಿದರೆ 49,500 ಲೀಟರ್. 50 ಸಾವಿರ ಲೀಟರಿನ ಓವರ್‌ಹೆಡ್ ಟ್ಯಾಂಕ್ ದಿನಕ್ಕೊಮ್ಮೆ ತುಂಬಿ ಖಾಲಿಯಾದರೆ ಊರಿಗೆ ಸಾಕು. ಟ್ಯಾಂಕ್ ದಿನವೂ ತುಂಬುತ್ತಿದ್ದು, ತುದಿಯ ಮನೆಗೆ 30 ಲೀಟರ್ ಮಾತ್ರ ಹೋಗುತ್ತಿದ್ದರೆ ಕೊರತೆ ಇರುವುದು ಬೋರಿನಲ್ಲಲ್ಲ, ಹಂಚಿಕೆಯಲ್ಲಿ. ಸಭೆಯಲ್ಲಿ ಎಲ್ಲರೂ "ಇನ್ನೊಂದು ಬೋರ್ ಕೊರೆಸಿ" ಎಂದೇ ಕೂಗುತ್ತಾರೆ. ಲಕ್ಷಗಟ್ಟಲೆ ಸುರಿದು ಕೊರೆಸಿದರೂ ಹೊಸ ನೀರು ಹರಿಯುವುದು ಮತ್ತೆ ಮೊದಲ ಮನೆಗಳ ಕಡೆಗೇ. ಅಳತೆ ಮಾಡಿದ್ದರ ದೊಡ್ಡ ಲಾಭ ಇದು: ನೀವು ಕೇಳಬೇಕಾದದ್ದು ಏನು ಎಂಬುದೇ ಬದಲಾಗುತ್ತದೆ.

ಅದೇ ಟ್ಯಾಂಕ್ ಹೋದ ವರ್ಷ 5 ಗಂಟೆಯಲ್ಲಿ ತುಂಬುತ್ತಿದ್ದು ಈಗ 8 ಗಂಟೆ ಹಿಡಿಯುತ್ತಿದ್ದರೆ ಬೇರೆ ಮಾತು. ಗಂಟೆಗೆ 10 ಸಾವಿರ ಲೀಟರ್ ಬರುತ್ತಿದ್ದದ್ದು 6,250ಕ್ಕೆ ಇಳಿದಿದೆ. ಬೋರು ಬತ್ತುತ್ತಿದೆ, ಇಲ್ಲವೇ ಮೋಟಾರ್ ಸವೆದಿದೆ, ಅಥವಾ ಪೈಪು ಎಲ್ಲೋ ಒಡೆದಿದೆ.

ಕರೆಂಟ್ ಬಿಲ್ಲು ಇದಕ್ಕೆ ಸಾಕ್ಷಿ ಹೇಳುತ್ತದೆ. ಪ್ರತಿ ಬಿಲ್ಲಿನ ಮೇಲೆ ಆರ್.ಆರ್. ನಂಬರ್ ಇರುತ್ತದೆ, ಅಂದರೆ ಆ ವಿದ್ಯುತ್ ಸಂಪರ್ಕದ ಗುರುತಿನ ಸಂಖ್ಯೆ. ಆ ನಂಬರ್‌ಗಳನ್ನು ಹಿಡಿದು ಒಂದೊಂದೇ ಬೋರಿನ ಹತ್ತಿರ ನಡೆದು ಹೋಗಿ, ಮೀಟರ್ ಪೆಟ್ಟಿಗೆ ನೋಡಿ. 7.5 ಎಚ್‌ಪಿ ಮೋಟಾರ್ ಗಂಟೆಗೆ ಅಂದಾಜು 6ರಿಂದ 8 ಯೂನಿಟ್ ಎಳೆಯುತ್ತದೆ. ದಿನಕ್ಕೆ 6 ಗಂಟೆ ಓಡಿದರೆ ತಿಂಗಳಿಗೆ 1,080ರಿಂದ 1,440 ಯೂನಿಟ್. ಬಿಲ್ಲಿನಲ್ಲಿ 2,500 ಇದ್ದರೆ ಕಾರಣ ಹುಡುಕಬೇಕು. ಬೋರು ಬತ್ತಿ ಮೋಟಾರ್ ಎತ್ತಿದ ಮೇಲೂ ಸಂಪರ್ಕ ರದ್ದು ಮಾಡಿಸದಿದ್ದರೆ ಒಂದು ಹನಿ ನೀರು ಎತ್ತದೆಯೂ ನಿಗದಿತ ಶುಲ್ಕ ತಿಂಗಳು ತಿಂಗಳು ಏರುತ್ತಲೇ ಇರುತ್ತದೆ. ಇಂಥ ಒಂದೆರಡು ಸಂಪರ್ಕ ಸಿಕ್ಕರೆ ಅದನ್ನು ದೂರಿನಂತೆ ಹೇಳದೆ ಉಳಿತಾಯದ ದಾರಿಯಾಗಿ ಪಂಚಾಯಿತಿಗೆ ಕೊಡಿ. ಪಿಡಿಒ ನಿಮ್ಮ ಕಡೆಗೆ ತಿರುಗುವುದು ಆಗಲೇ.

ಹಂತ 6: ಒಂದೇ ಹಾಳೆ

ಇಷ್ಟೆಲ್ಲ ಕಲೆಹಾಕಿದ ಮೇಲೆ ಇಪ್ಪತ್ತು ಪುಟದ ವರದಿ ಬರೆಯುವ ಆಸೆಯಾಗುತ್ತದೆ. ಬರೆಯಬೇಡಿ. ಒಂದು ಡ್ರಾಯಿಂಗ್ ಹಾಳೆಯ ಮೇಲೆ, ಹತ್ತು ಅಡಿ ದೂರದಿಂದ ಓದುವಷ್ಟು ದಪ್ಪಕ್ಷರದಲ್ಲಿ ಇಷ್ಟೇ ಇರಲಿ: ಮೇಲೆ ಪ್ರಶ್ನೆ, ಕೆಳಗೆ ಮೊದಲ, ನಡುವಿನ, ತುದಿಯ ಮನೆಗಳ ಲೀಟರ್, ಪಕ್ಕದಲ್ಲಿ 55, ಅಳೆದ ದಿನಾಂಕಗಳು, ಅಳೆದ ವಿಧಾನ ಒಂದು ಸಾಲಿನಲ್ಲಿ. ಓದು ಬಾರದವರಿಗಾಗಿ ಅಂಕಿಯ ಪಕ್ಕ ಕೊಡದ ಚಿತ್ರ ಬಿಡಿಸಿ: ಒಬ್ಬರ ಪಾಲಿಗೆ ಮೊದಲ ಮನೆಯಲ್ಲಿ ಒಂಬತ್ತು ಕೊಡ, ತುದಿಯಲ್ಲಿ ಎರಡು.

ಸಭೆಗೆ ಮೂರು ನಾಲ್ಕು ದಿನ ಮೊದಲೇ ಈ ಹಾಳೆಯನ್ನು ನೀರುಗಂಟಿಗೂ ವಾರ್ಡ್ ಸದಸ್ಯರಿಗೂ ಪಿಡಿಒಗೂ ತೋರಿಸಿ. ತಪ್ಪಿದ್ದರೆ ತಿದ್ದಿಕೊಳ್ಳಿ. "ಆ ವಾರ ಟ್ರಾನ್ಸ್‌ಫಾರ್ಮರ್ ಸುಟ್ಟಿತ್ತು" ಎಂದು ಅವರು ಹೇಳಬಹುದು. ನಿಜವಾದರೆ ಮತ್ತೆ ಅಳೆಯಿರಿ. ಎಲ್ಲರ ಎದುರು ದಿಢೀರನೆ ಹಾಳೆ ಬಿಚ್ಚಿ ಅವಮಾನ ಮಾಡಿದರೆ ಚಪ್ಪಾಳೆ ಸಿಕ್ಕೀತು, ನೀರು ಸಿಗಲಾರದು.

ಹಂತ 7: ಸಭೆಯಲ್ಲಿ

ವಾರ್ಡ್ ಸಭೆ, ಗ್ರಾಮಸಭೆ ಎರಡೂ ಆರು ತಿಂಗಳಿಗೊಮ್ಮೆಯಾದರೂ ನಡೆಯಬೇಕೆಂದು ಕರ್ನಾಟಕದ 1993ರ ಪಂಚಾಯತ್ ರಾಜ್ ಕಾಯ್ದೆ ಹೇಳುತ್ತದೆ. ನೇರವಾಗಿ ಗ್ರಾಮಸಭೆಗೆ ಹೋಗುವುದಕ್ಕಿಂತ ವಾರ್ಡ್ ಸಭೆಯಲ್ಲಿ ಮೊದಲು ವಿಷಯ ಇಡಿ. "ನಮ್ಮ ಗ್ರಾಮ ನಮ್ಮ ಯೋಜನೆ" ಎಂಬ ಹೆಸರಿನಲ್ಲಿ ಮುಂದಿನ ವರ್ಷದ ಯೋಜನೆ ತಯಾರಾಗುವುದೂ ಕೆಳಗಿನಿಂದ ಮೇಲಕ್ಕೆ ಈ ಸಭೆಗಳ ಮೂಲಕವೇ.

ಅಂಕಿಗಳನ್ನು ಜನರೆದುರು ಗಟ್ಟಿಯಾಗಿ ಓದುವುದಕ್ಕೆ ಎಷ್ಟು ಬಲವಿದೆ ಎಂಬುದನ್ನು ರಾಜಸ್ಥಾನದ ಹಳ್ಳಿಗರು ತೋರಿಸಿಕೊಟ್ಟರು. 1994ರ ಡಿಸೆಂಬರ್‌ನಲ್ಲಿ ಕೋಟ್ ಕಿರಾನಾ ಎಂಬಲ್ಲಿ ಮಜ್ದೂರ್ ಕಿಸಾನ್ ಶಕ್ತಿ ಸಂಘಟನೆ ಮೊದಲ ಜನ ಸುನ್ವಾಯಿ, ಅಂದರೆ ಸಾರ್ವಜನಿಕ ವಿಚಾರಣೆ ನಡೆಸಿತು. ಕಾಮಗಾರಿಗಳ ದಾಖಲೆಯನ್ನು ಊರವರ ಮುಂದೆ ಓದಿ ಹೇಳಿದ ಆ ಚಳವಳಿಯಿಂದಲೇ ಮಾಹಿತಿ ಹಕ್ಕಿನ ಬೇಡಿಕೆ ಬೆಳೆದು ಬಂತು.

ನಿಮ್ಮ ಮಾತು ಐದು ನಿಮಿಷ ಮೀರದಿರಲಿ. ತುದಿಯ ಮನೆಯ ಹೆಣ್ಣುಮಗಳೇ ಹಾಳೆ ಓದಲಿ. ಕೊನೆಗೆ "ಕ್ರಮ ಕೈಗೊಳ್ಳಿ" ಎನ್ನದೆ ಏನು, ಯಾರು, ಯಾವಾಗ ಎಂದು ಕೇಳಿ: "ಮೇಲಿನ ಕೇರಿಗೆ ಬೇರೆ ಗೇಟ್‌ವಾಲ್ವ್ ಹಾಕಿ ಮುಂದಿನ ತಿಂಗಳ ಒಂದನೇ ತಾರೀಖಿನಿಂದ ಪ್ರತ್ಯೇಕ ಸರದಿಯಲ್ಲಿ ನೀರು ಬಿಡುವುದು." ಈ ವಾಕ್ಯ ನಡವಳಿ ಪುಸ್ತಕಕ್ಕೆ ಏರುವವರೆಗೆ ಎದ್ದು ಬರಬೇಡಿ. ನಡವಳಿ ಎಂದರೆ ಸಭೆಯ ತೀರ್ಮಾನಗಳ ಅಧಿಕೃತ ದಾಖಲೆ. ಅದರಲ್ಲಿ ಇಲ್ಲದ್ದು ಕಚೇರಿಯ ಮಟ್ಟಿಗೆ ನಡೆದೇ ಇಲ್ಲ. ಬರೆದದ್ದನ್ನು ಓದಿಸಿ, ಪ್ರತಿ ಪಡೆಯಿರಿ.

ಹಂತ 8: ಒಂದು ಬೀದಿಯಲ್ಲಿ, ಒಂದು ತಿಂಗಳು ಪ್ರಯೋಗ

ಹೊಸ ತಂತ್ರಜ್ಞಾನ ಎಂದ ಕೂಡಲೇ ಸೆನ್ಸರ್, ಆ್ಯಪ್ ಎಂದು ಜನ ಓಡುತ್ತಾರೆ. ಟ್ಯಾಂಕಿನ ನೀರಿನ ಮಟ್ಟ ಫೋನಿಗೆ ಕಳಿಸುವ ಸಾಧನ ಒಳ್ಳೆಯದೇ. ಆದರೆ ಕೊಳ್ಳುವ ಮೊದಲು ಅದರೊಳಗಿನ ಸಿಮ್‌ಗೆ ಪ್ರತಿ ತಿಂಗಳು ಯಾರು ರೀಚಾರ್ಜ್ ಮಾಡಿಸುತ್ತಾರೆ, ಮಳೆಗಾಲದಲ್ಲಿ ಕೆಟ್ಟರೆ ಯಾರು ಬರುತ್ತಾರೆ, ಬಂದ ಸಂದೇಶ ನೋಡಿ ಯಾರು ಏನು ಮಾಡಬೇಕು ಎಂದು ಕೇಳಿ. ಮೂರಕ್ಕೂ ಉತ್ತರವಿಲ್ಲದಿದ್ದರೆ ಸದ್ಯಕ್ಕೆ ಬೇಡ.

ಅಗ್ಗದ ಪ್ರಯೋಗದಿಂದ ಶುರು ಮಾಡಿ. ವಾಲ್ವ್‌ನ ಸರದಿ ಬದಲಿಸಿ ತುದಿಗೆ ಮೊದಲು ನೀರು ಬಿಡುವುದು. ಕೆಳಗಿನ ಬೀದಿಗೆ 20 ನಿಮಿಷ, ಮೇಲಿನದಕ್ಕೆ 45 ನಿಮಿಷ ಎಂದು ಬೇರೆ ಮಾಡುವುದು. ನಾವು ಅಳೆದ ಉದಾಹರಣೆಯಲ್ಲಿ 20 ನಿಮಿಷಕ್ಕೂ ಮೊದಲ ಮನೆಗೆ 450 ಲೀಟರ್ ಸಿಗುತ್ತದೆ, ಯಾರಿಗೂ ಅನ್ಯಾಯವಾಗದು. ಕೆಳಗಿನ ವಾಲ್ವ್ ಮುಚ್ಚಿದಾಗ ಮೇಲಿನ ಬೀದಿಗೆ ಒತ್ತಡ ಹೆಚ್ಚುತ್ತದೆ, ಕೊಡ ಬೇಗ ತುಂಬುತ್ತದೆ. ನೀರು ಬಿಡುವ ಹೊತ್ತನ್ನು ಬೀದಿಯ ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿ, ಫೋನ್ ಇಲ್ಲದವರಿಗಾಗಿ ಅಂಗಡಿಯ ಗೋಡೆಗೆ ಬರೆದು ಅಂಟಿಸಿ.

ತಿಂಗಳಾದ ಮೇಲೆ ಅದೇ ಹದಿನೈದು ಮನೆ, ಅದೇ ಕೊಡ, ಅದೇ ಹೊತ್ತು. ಮೊದಲು ಫೆಬ್ರವರಿಯಲ್ಲಿ ಅಳೆದು, ಆಮೇಲೆ ಜುಲೈನಲ್ಲಿ ಅಳೆದು "ನೋಡಿ, ಸುಧಾರಿಸಿತು" ಎನ್ನಬೇಡಿ, ಅದು ಮಳೆ ತಂದ ಬದಲಾವಣೆ ಇರಬಹುದು. ತುದಿಯ ಅಂಕಿ 55 ಮುಟ್ಟದಿದ್ದರೆ ಮುಟ್ಟಲಿಲ್ಲ ಎಂದೇ ಬರೆಯಿರಿ. ಹೊಸ ಹಾಳೆಯನ್ನು ಪಂಚಾಯಿತಿಯ ಸೂಚನಾ ಫಲಕದಲ್ಲಿ ಹಳೆಯ ಹಾಳೆಯ ಪಕ್ಕಕ್ಕೇ ಅಂಟಿಸಿ, ಹಳೆಯದನ್ನು ಕೀಳಬೇಡಿ. ಮುಂದಿನ ಅಳತೆಯನ್ನು ಏಪ್ರಿಲ್‌ಗೆ ಗೊತ್ತು ಮಾಡಿಕೊಳ್ಳಿ. ಬೋರಿನ ನೀರು ಇಳಿಯುವ ತಿಂಗಳು ಅದು, ಹೊಸ ಸರದಿ ತಡೆದುಕೊಳ್ಳುತ್ತದೆಯೋ ಇಲ್ಲವೋ ಆಗ ಗೊತ್ತಾಗುತ್ತದೆ.